ಹೊಳಪಿನ ಅಧ್ಯಕ್ಷರಿಗೆ, ಅಂಗೈಯಗಲದ ಒಂದು ಮಂಕಿನ ಬಗ್ಗೆ

ದೋಣಿಕಟ್ಟೆ ಅಂದಚೆಂದ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಮ್ಮ, ತಮ್ಮ ಕುಟುಂಬದವರ, ತಮ್ಮ ಬೂಟುಗಳ ಹಾಗೂ ತಮ್ಮ ಅಂಗಿಯ ಕಿಸೆಯಲ್ಲಿ ಸದಾ ಇಣುಕುವ ಆ ಪುಟ್ಟ ಬಾಚಣಿಗೆಯ ಕ್ಷೇಮವನ್ನು ಹಾರೈಸುತ್ತ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಲಕೋಟೆಯಲ್ಲಿಟ್ಟು ಕಳಿಸಿದ ಮೂರು ಪತ್ರಗಳು ತಮ್ಮ ಮೇಜಿನ ಮೇಲೆ ಚಹಾ ಲೋಟದ ಅಡಿಯಲ್ಲಿ ಸೇವೆ ಸಲ್ಲಿಸುತ್ತಿರುವುದನ್ನು ಕಣ್ಣಾರೆ ಕಂಡಿದ್ದೇನೆ. ನಾಲ್ಕನೆಯದಕ್ಕೆ ಲೋಟವಿರಲಿಕ್ಕಿಲ್ಲ ಎಂಬ ಕಾಳಜಿಯಿಂದ ಈ ದಾರಿ ಹಿಡಿದೆ.

ತಪಾಸಣೆಯ ದಿನ ತಾವು "ಓದಿಕೊಂಡೋರು ಹೀಗೆ ಕೈ ಕೊಳೆ ಮಾಡ್ಕೋಬಾರ್ದು ಮೇಡಂ" ಎಂದು ಕನಿಕರಿಸಿದಿರಲ್ಲ, ಆ ಹೆಂಗಸೇ ನಾನು. ಈ ದಡದಿಂದ ಆ ದಡಕ್ಕೆ ಇಪ್ಪತ್ತಾರು ವರ್ಷದಿಂದ ಜನರನ್ನು ದಾಟಿಸುತ್ತಿರುವುದು ನನ್ನ ಅಕ್ಕನ ಫೈಬರ್ ದೋಣಿ. ಒಂಬತ್ತು ಜನ ಹಿಡಿಸುವ ಈ ದೋಣಿ ಒಂದು ಕಾಲಕ್ಕೆ ನೀಲಿಯಾಗಿತ್ತು. ಮುಖ ಕಾಣುವಷ್ಟು ಹೊಳೆಯದ ದೋಣಿಗಳಿಗೆ ಇನ್ನು ದೋಣಿಕಟ್ಟೆಯ ಮುಂಭಾಗದ ಮೆಟ್ಟಿಲಲ್ಲಿ ಜಾಗವಿಲ್ಲ, ಅವು ಮಂಜುಗಡ್ಡೆ ಕಾರ್ಖಾನೆಯ ಹಿಂದೆ ನಿಲ್ಲತಕ್ಕದ್ದು ಎಂದು ತಾವು ಆಜ್ಞೆ ಹೊರಡಿಸಿದಾಗ ನಮಗೆ ಹೊಳೆದದ್ದು ಒಂದೇ ವಿಷಯ. ಆ ಹಿಂದಿನ ಜಾಗದಲ್ಲಿ ಮೆಟ್ಟಿಲಿಲ್ಲ, ಮೊಣಕಾಲುದ್ದ ಕೆಸರಿದೆ. ವಾರಕ್ಕೆರಡು ಬಾರಿ ಆಚೆ ದಡದ ಆಸ್ಪತ್ರೆಗೆ ಹೋಗುವ, ಹೆರಿಗೆ ಮಾಡಿಸುತ್ತಿದ್ದ ಅಜ್ಜಿಗೆ ಮಂಡಿಗಳೇ ಇಲ್ಲವೆಂದರೂ ನಡೆದೀತು. ಈ ಊರಿನ ಅರ್ಧದಷ್ಟು ಜನರನ್ನು ಭೂಮಿಗಿಳಿಸಿದ ಕೈ ಅವರದು. ತಾವು ಉಳಿದರ್ಧಕ್ಕೆ ಸೇರಿದವರೆಂದು ನಂಬಿದ್ದೇನೆ.

ಆಜ್ಞೆಯ ಜೊತೆ ತಾವು ದಯಪಾಲಿಸಿದ ಮಾರ್ಗದರ್ಶಿ ಕರಪತ್ರವನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಕಚೇರಿಯ ನೆಲ ಹೊಳಪಿಸುವವರ ಸೂಚನೆಗಳನ್ನೇ ತೆಗೆದುಕೊಂಡು, 'ನೆಲ' ಎಂದಿರುವಲ್ಲೆಲ್ಲ 'ದೋಣಿ' ಎಂದು ತಿದ್ದಿಸಿದ ತಮ್ಮ ಮಿತವ್ಯಯ ದೊಡ್ಡದು. 'ಒಣಗುವ ತನಕ ಚಪ್ಪಲಿ ಹಾಕಿಕೊಂಡು ಓಡಾಡಬಾರದು' ಎಂಬ ಸಾಲನ್ನು ಹಾಗೆಯೇ ಉಳಿಸಿದ್ದು ಇನ್ನೂ ದೊಡ್ಡದು. ಮೊದಲು ಮೇಣ ಹಚ್ಚಿ ಎಂದು ಅದರಲ್ಲಿತ್ತು. ಅಚ್ಚಾದದ್ದನ್ನೆಲ್ಲ ನಂಬುವ ನನ್ನ ಹಳೆಯ ಚಟದಿಂದಾಗಿ, ಬಿಸಿಲಿಗೆ ಸತ್ತು ಸುಣ್ಣದ ಪುಡಿಯಂತಾಗಿದ್ದ ಆ ಹೊರಮೈ ಮೇಲೆ ನೇರವಾಗಿ ಮೇಣ ಬಳಿದೆವು. ಸಂಜೆಯ ತನಕ ದೋಣಿ ಮದುವಣಗಿತ್ತಿಯಂತಿತ್ತು. ಬೆಳಿಗ್ಗೆ ನೋಡಿದರೆ ಮೈತುಂಬ ತೊನ್ನು ಬಂದಂತೆ ಬಿಳಿ ಮಚ್ಚೆಗಳು. ಅಕ್ಕ ಕರಪತ್ರವನ್ನು ಹಿಂದುಮುಂದು ತಿರುಗಿಸಿ ನೋಡಿ, "ಇದನ್ನ ಬರೆದೋರು ಸ್ನಾನಕ್ಕೆ ಮುಂಚೆ ಪೌಡರ್ ಹಾಕ್ಕೊಳ್ಳೋರು ಕಣೇ" ಎಂದಳು. ಇದನ್ನು ದೂರೆಂದಲ್ಲ, ಮೆಚ್ಚುಗೆಯೆಂದು ದಾಖಲಿಸುತ್ತಿದ್ದೇನೆ.

ಆಮೇಲೆ ಹಚ್ಚಿದ ಮೇಣವನ್ನೆಲ್ಲ ಕೆರೆದು ತೆಗೆದು, ಸೋಪು ನೀರಿನಲ್ಲಿ ತೊಳೆದು, ಒದ್ದೆ ಮರಳು ಕಾಗದ ಹಿಡಿದೆವು. ಮೊದಲು ಒರಟು, ಆಮೇಲೆ ನಯ, ಆಮೇಲೆ ಇನ್ನೂ ನಯ. ಒಂದು ಸಲಕ್ಕೆ ಒಂದು ಟವೆಲಿನಷ್ಟು ಜಾಗ ಮಾತ್ರ. ಉಜ್ಜಿದಂತೆ ನೀಲಿ ಹಾಲು ಇಳಿದು ಮೊಣಕೈವರೆಗೆ ಹರಿಯುತ್ತಿತ್ತು. ಮೇಲಿನ ಬಣ್ಣದ ಪದರ ಎಷ್ಟು ತೆಳುವೆಂದರೆ ಮೂತಿಯ ಬಳಿ ನಾನು ನಾಲ್ಕು ಉಜ್ಜು ಹೆಚ್ಚಿಗೆ ಉಜ್ಜಿ ಒಳಗಿನ ಕಂದು ನಾರು ಕಾಣುವಂತೆ ಮಾಡಿಬಿಟ್ಟೆ. ಅಕ್ಕ ತನ್ನ ಸೆರಗಿನಿಂದ ಆ ಜಾಗವನ್ನು ಮುಚ್ಚಿ ಹಿಡಿದು ನಿಂತಳು, ಗಾಯವಾದ ಮಗುವನ್ನು ಹಿಡಿದ ಹಾಗೆ. ಅದಕ್ಕೆ ತೇಪೆ ಹಾಕಿ, ಪಾಲಿಶ್ ಮುದ್ದೆ ಮೆತ್ತಿ, ಯಂತ್ರದಲ್ಲಿ ಉಜ್ಜಿ, ಕೊನೆಗೆ, ಎಲ್ಲಕ್ಕಿಂತ ಕೊನೆಗೆ, ಮೇಣ. ಹತ್ತೊಂಬತ್ತನೆಯ ದಿನ ಆ ದೋಣಿಯ ಪಕ್ಕೆಯಲ್ಲಿ ಮೋಡ ಹೋಗುತ್ತಿರುವುದು ಕಂಡಿತು. ನಾನು ಓದಿದ ಕವಿತೆಗಳೆಲ್ಲ ಸೇರಿದರೂ ನನಗೆ ಅಷ್ಟು ಹತ್ತಿರದಿಂದ ಮೋಡ ತೋರಿಸಿರಲಿಲ್ಲ.

ಮರುದಿನ ತಾವು ದಯಮಾಡಿಸಿದಿರಿ. ದೋಣಿಯ ತಳ ಸೋರುತ್ತದೆಯೇ, ಎಂಜಿನ್ ಕೆಮ್ಮುತ್ತದೆಯೇ, ತೇಲುಕವಚಗಳಿವೆಯೇ ಎಂಬ ಕ್ಷುಲ್ಲಕ ವಿಚಾರಗಳಲ್ಲಿ ಕಾಲಹರಣ ಮಾಡದೆ ನೇರವಾಗಿ ಪಕ್ಕೆಯ ಮುಂದೆ ನಿಂತು, ಬಾಚಣಿಗೆ ತೆಗೆದು, ಬೈತಲೆ ಸರಿಪಡಿಸಿಕೊಂಡಿರಿ. ಎಡಗಡೆ ಪಾಸಾಯಿತು. ಬಲಗಡೆಯೂ ಪಾಸಾಯಿತು. ಹಿಂಬದಿಯ ಅಂಚಿನ ಕೆಳಗೆ ಅಂಗೈಯಗಲದ ಒಂದು ಜಾಗದಲ್ಲಿ ಮಾತ್ರ ತಮ್ಮ ಮೀಸೆ ಕಾಣಿಸಲಿಲ್ಲ. ತಾವು ಇಡೀ ದೋಣಿಯನ್ನು ಫೇಲ್ ಮಾಡಿದಿರಿ.

ಆ ಜಾಗ ನಮ್ಮ ಸೋಮಾರಿತನವಲ್ಲ ಸ್ವಾಮಿ. ಹತ್ತುವವರೆಲ್ಲ ಮೊದಲು ಕೈಯಿಡುವುದು ಅಲ್ಲಿ. ಅಂದು ಬೆಳಿಗ್ಗೆ ಅಜ್ಜಿ ಬಂದು, ಮೇಣದ ಮೇಲೆ ಕೈ ಜಾರಿ, "ಇಷ್ಟು ನುಣ್ಣಗೆ ಮಾಡಿಟ್ರೆ ನಾನೆಲ್ಲಿ ಹಿಡ್ಕೊಳ್ಳಲಿ ತಾಯಿ?" ಎಂದು ಹೆದರಿ ಹಿಂದೆ ಸರಿದರು. ಅಕ್ಕ ಒರಟು ಕಾಗದ ತೆಗೆದುಕೊಂಡು, ಹತ್ತೊಂಬತ್ತು ದಿನದ ಹೊಳಪನ್ನು ಅಷ್ಟು ಅಗಲಕ್ಕೆ ಉಜ್ಜಿ ತೆಗೆದಳು. ಅಜ್ಜಿ ಹತ್ತಿದರು.

ಆದ್ದರಿಂದ ನನ್ನ ವಿನಂತಿಗಳು ಸರಳ. ಪ್ರಯಾಣಿಕರು ದೋಣಿಯನ್ನು ಮುಟ್ಟದೆ ಹತ್ತತಕ್ಕದ್ದೆಂದೂ, ಬಿಸಿಲು ಕಚೇರಿ ವೇಳೆಯಲ್ಲಿ ದೋಣಿಗಳ ಮೇಲೆ ಬೀಳಕೂಡದೆಂದೂ, ನೀರು ಒಂದು ಗೇಣು ದೂರದಿಂದಲೇ ದೋಣಿಯನ್ನು ತೇಲಿಸತಕ್ಕದ್ದೆಂದೂ ತಾವು ಸುತ್ತೋಲೆ ಹೊರಡಿಸಬೇಕು. ಅದು ಆಗದಿದ್ದಲ್ಲಿ, ಮುಂದಿನ ಮೆಟ್ಟಿಲಲ್ಲಿ ನಮ್ಮ ಜಾಗದಲ್ಲಿ ಈಗ ಕಟ್ಟಿಹಾಕಿರುವ ಸಮಿತಿಯ ಸ್ವಂತ ದೋಣಿಯನ್ನಾದರೂ, ವರ್ಷದಲ್ಲಿ ಎರಡು ದಿನ ಓಡಾಡಿ ಉಳಿದ ದಿನ ಟಾರ್ಪಾಲಿನಡಿ ಹೊಳೆಯುವ ಆ ಪುಣ್ಯವಂತ ದೋಣಿಯನ್ನು, ಒಂದು ಮಾರು ಪಕ್ಕಕ್ಕೆ ಸರಿಸಬೇಕು. ಮೊನ್ನೆ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಕೆಸರಿನಲ್ಲಿ ಹೊತ್ತೆವು. ಅವರು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದರು, ಹೆದರಿಕೆಗಲ್ಲ, ನಾಚಿಕೆಗೆ.

ಒಂದೆಡೆ ಬಿಟ್ಟು ಉಳಿದೆಲ್ಲ ಕಡೆ ಹೊಳೆಯುವ,
ತಮ್ಮ ವಿಶ್ವಾಸಿ,
ದೋಣಿಯವಳ ತಂಗಿ

ತಾ.ಕ.: ನಿನ್ನೆ ಅತಿಥಿಗಳೊಂದಿಗೆ ತಾವು ವಿಹರಿಸುತ್ತಿದ್ದ ಸಮಿತಿಯ ದೋಣಿ ನಡುನೀರಿನಲ್ಲಿ ಕೆಟ್ಟು ನಿಂತಾಗ, ಹತ್ತಿರದಲ್ಲಿದ್ದದ್ದು ಅಕ್ಕನ ದೋಣಿಯೇ ಆದದ್ದಕ್ಕೆ ಕ್ಷಮೆ ಇರಲಿ. ಅದರಿಂದ ಇದಕ್ಕೆ ದಾಟುವಾಗ ತಾವು ಗಾಬರಿಯಲ್ಲಿ "ಹಿಡ್ಕೊಳ್ಳೋಕೆ ಏನಾದ್ರೂ ಇದೆಯಾ ಇಲ್ಲಿ?" ಎಂದು ಕೂಗಿದ್ದು, ಅಕ್ಕ "ಅಲ್ಲೇ ಇದೆಯಲ್ಲ ಸಾರ್, ನೀವು ಫೇಲ್ ಮಾಡಿದ ಜಾಗ" ಎಂದದ್ದು ಅತಿಥಿಗಳಿಗೂ ಕೇಳಿಸಿತಂತೆ. ತಮ್ಮ ಬೆರಳಿನ ಐದು ಗುರುತುಗಳು ಇನ್ನೂ ಅಲ್ಲಿವೆ, ಅಜ್ಜಿಯ ಗುರುತುಗಳ ಮೇಲೆಯೇ. ಮರುತಪಾಸಣೆಯವರೆಗೆ ಒರೆಸಬೇಡವೆಂದು ಅಕ್ಕನಿಗೆ ಹೇಳಿದ್ದೇನೆ. ಬಾಚಣಿಗೆ ತರುವುದು ಬೇಡ, ಕೈ ತಂದರೆ ಸಾಕು.