ರಾಯಚೂರಿನ ಮೇಲೊಂದು ಬಿಳಿ ಚುಕ್ಕೆ

ಗರ್ವ ಒಳ್ಳೆಯದಲ್ಲ ಎಂದು ಹೇಳುವವರನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರ ಹತ್ತಿರ ಗರ್ವಪಡಲು ಏನೂ ಇರಲಿಲ್ಲ. ನನ್ನ ಹತ್ತಿರ ಇತ್ತು. ಎಪ್ಪತ್ತರ ದಶಕದ ಕೊನೆಗೆ ರಾಯಚೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ, ಸ್ಟುಡಿಯೋದಲ್ಲಿ ಕೂದಲೆಳೆಯಷ್ಟು ಸಣ್ಣ ಕುಂಚ, ಕುಂಚ ಹಿಡಿಯಲು ನನ್ನ ಬಲಗೈ. ಸಿಡುಬಿನ ಕಲೆ, ಮೊಡವೆ, ಅರ್ಧ ಮುಚ್ಚಿದ ಕಣ್ಣು ಎಲ್ಲವೂ ಈ ಕೈಯಲ್ಲಿ ರಿಪೇರಿಯಾಗುತ್ತಿದ್ದವು. ಒಮ್ಮೆ ಮಾನ್ವಿಯ ಯಜಮಾನರೊಬ್ಬರು ಮಗನಿಗೆ ನೋಡಿದ್ದ ಹೆಣ್ಣಿನ ಫೋಟೋ ಹಿಡಿದುಕೊಂಡು ಅಂಗಡಿಗೇ ಬಂದು ಕೂಗಾಡಿದರು: "ಫೋಟೋದಾಗಿನ ಹುಡುಗಿನ ಬ್ಯಾರೆ, ಮನ್ಯಾಗಿನ ಹುಡುಗಿನ ಬ್ಯಾರೆ! ಏನ್ ಮಾಡೀರಿ ನೀವು?" ಅದನ್ನು ನಾನು ಇವತ್ತಿಗೂ ಪ್ರಶಸ್ತಿಯೆಂದೇ ಇಟ್ಟುಕೊಂಡಿದ್ದೇನೆ. ಮದುವೆಯೂ ಆಯಿತು ಬಿಡಿ. ನಾನು ಅಳಿಸಿದ್ದ ಮಚ್ಚೆ ಅದೃಷ್ಟದ್ದಂತೆ.

ಇಂಥ ಕೈಗೆ ಬರೀ ಮುಖಗಳು ಸಾಲುತ್ತವೆಯೇ? ಒಂದು ಬೇಸಿಗೆಯಲ್ಲಿ ಅಕ್ಕಿ ಗಿರಣಿಯ ಬಸವಂತಪ್ಪ ಸಾಹುಕಾರರು ಬಂದು, "ಆಫೀಸಿನ ಗ್ವಾಡಿಗೆ ರಾಯಚೂರು ಬೇಕ್ರೀ. ಊರು ಪೂರ್ತಿ ಬರಬೇಕು, ನನ್ನ ಗಿರಣಿ ಚಿಮಣಿ ನಟ್ಟ ನಡುವ ಇರಬೇಕು" ಎಂದರು. ಚಿಮಣಿಯನ್ನು ಸರಿಸಲಾಗದು, ಕೋಟೆ ಗುಡ್ಡದ ಮೇಲೆ ನಾನೇ ಸರಿಯಬೇಕು. ಅಷ್ಟು ತಾನೇ, ಒಪ್ಪಿಕೊಂಡೆ.

ಮನೆಯಲ್ಲಿ ಸುದ್ದಿ ಹೇಳಿದಾಗ ಹೆಂಡತಿ ಮಹಾದೇವಿ, "ನಮ್ಮ ಮನಿನೂ ಬರ್ತದೇನ್ರೀ?" ಎಂದಳು. ಅವಳ ತವರು ದೇವದುರ್ಗ. ಮೊಣಕಾಲು ನೋವಿನಿಂದ ಬಸ್ಸು ಹತ್ತಲಾರದ ಅವಳ ತಾಯಿ ಮಗಳ ಮನೆಯನ್ನು ಒಮ್ಮೆಯೂ ಕಂಡಿರಲಿಲ್ಲ. ಆ ಚಿತ್ರದ ಒಂದು ಪ್ರತಿ ಒಯ್ದು, ಇಲ್ಲೇ ಇರುತ್ತೇನೆಂದು ತಾಯಿಗೆ ಬೆರಳಿಟ್ಟು ತೋರಿಸಬೇಕೆಂಬುದು ಅವಳ ಆಸೆ. "ಊರೇ ಬರ್ತದಂದ್ರ ನಮ್ಮ ಮನಿ ಬಿಟ್ಟು ಬರ್ತದೇನು?" ಎಂದೆ. "ಎಷ್ಟು ಗಂಟೇಕ ತೆಗೀತೀರಿ?" ಎಂದು ಮತ್ತೆ ಕೇಳಿದಳು. "ನಾಳೆ ಮುಂಜಾನಿ ಎಂಟಕ್ಕ" ಎಂದೆ. ಇಷ್ಟು ವರ್ಷದ ಮೇಲಾದರೂ ನನ್ನ ಕಲೆಯಲ್ಲಿ ಅವಳಿಗೆ ಆಸಕ್ತಿ ಹುಟ್ಟಿತಲ್ಲ ಎಂದು ಹಿಗ್ಗಿದೆ.

ಚಿತ್ರ ಬಂತು. ಮಾಳಿಗೆಗಳು, ಮಿನಾರು, ನೀರಿನ ಟ್ಯಾಂಕು, ನಡುವೆ ಚಿಮಣಿ. ಆದರೆ ನಮ್ಮ ಬೇಸಿಗೆಯ ಆಕಾಶ ಸುಣ್ಣ ಬಳಿದ ಗೋಡೆಯಂತೆ ಬೋಳು. ಹಿಂದೆ ದೇವಸುಗೂರಿನ ಹೊಳೆದಂಡೆಯಲ್ಲಿ ತೆಗೆದಿದ್ದ ನೆಗೆಟಿವ್‌ನಿಂದ ಮೋಡಗಳನ್ನು ತಂದು ರಾಯಚೂರಿನ ಮೇಲೆ ಹರಡಿದೆ. ಅಡ್ಡ ಬಂದ ತಂತಿಗಳನ್ನು ಅಳಿಸಿದೆ. ಕೊನೆಗೆ ಚುಕ್ಕೆಗಳ ಕೆಲಸ. ನೆಗೆಟಿವ್ ಮೇಲೆ ಧೂಳು ಕೂತರೆ ಚಿತ್ರದಲ್ಲಿ ಬಿಳಿ ಚುಕ್ಕೆ ಬೀಳುತ್ತದೆ, ಅದಕ್ಕೆ ಕುಂಚದಿಂದ ಮಸಿ ಮುಟ್ಟಿಸಬೇಕು. ಒಂದು ಚುಕ್ಕೆಯಂತೂ ಬಲು ಹಠಮಾರಿ, ಮೂರು ಸಲ ಮಸಿ ಕುಡಿದು ಮಣಿಯಿತು. ಸಾಹುಕಾರರು ನೋಡಿ, "ಮ್ವಾಡ ಖರೇ ಮ್ವಾಡಕ್ಕಿಂತ ಚಲೋ ಅದಾವಲ್ರೀ!" ಎಂದರು. ಆ ದಿನ ನಾನು ಮನೆಗೆ ನಡೆದುಕೊಂಡು ಹೋದೆನೋ ತೇಲಿಕೊಂಡು ಹೋದೆನೋ ನೆನಪಿಲ್ಲ.

ಎರಡನೆಯ ಪ್ರತಿಗೂ ಅದೇ ಶೃಂಗಾರ ಮಾಡಿ ಮಹಾದೇವಿಯ ಮುಂದೆ ಹರಡಿದೆ. ಅವಳು ಮೋಡಗಳ ಕಡೆ ತಿರುಗಿಯೂ ನೋಡಲಿಲ್ಲ. ಟ್ಯಾಂಕಿನಿಂದ ಬೇವಿನ ಮರಕ್ಕೆ, ಅಲ್ಲಿಂದ ನಮ್ಮ ಓಣಿಗೆ ಬೆರಳು ನಡೆಸಿಕೊಂಡು ಬಂದು ನಿಂತಳು.

"ಇದು ನಮ್ಮ ಮಾಳಿಗಿ. ನಾ ಎಲ್ಲದೀನ್ರೀ?"

"ನೀನೆಲ್ಲಿ ಬರ್ತಿ ಇದರಾಗ?"

"ಎಂಟು ಗಂಟೇಕ ಅಂದಿದ್ರಲ್ಲ! ನಮ್ಮವ್ವಗ ಗುರುತು ಸಿಗಲಿ ಅಂತ ಮಾಳಿಗಿ ಮ್ಯಾಲ ಬಿಳಿ ಚಾದರ ಎತ್ತಿ ಹಿಡಕೊಂಡು ನಿಂತಿದ್ದೆ. ಕೈ ಸೋತು ಹೋದ್ವು."

ಹಠಮಾರಿ ಚುಕ್ಕೆ ನೆನಪಾಯಿತು. ಧೂಳೆಂದು ಮಸಿ ಹಚ್ಚಿದ್ದನ್ನು ಒಪ್ಪಿಕೊಂಡೆ. ಅವಳು ಚಿತ್ರದಿಂದ ಬೆರಳು ತೆಗೆದು, "ಮಂದಿ ಹೆಂಡ್ರ ಮಾರಿ ಮ್ಯಾಲಿನ ಕಲಿ ತೆಗೀತೀರಿ. ಸ್ವಂತ ಹೆಂಡ್ತಿನ್ನ ಪೂರ್ತಿನೇ ತೆಗದು ಒಗದ್ರಲ್ಲ!" ಎಂದಳು. ನಗುತ್ತಾಳೆಂದುಕೊಂಡೆ. ಕಣ್ಣಲ್ಲಿ ನೀರಿತ್ತು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ.

ಅಂದೇ ಹೊಸ ಪ್ರತಿ ತೆಗೆದೆ. ಮೋಡವಿಲ್ಲ, ಮಸಿಯಿಲ್ಲ, ತಂತಿಗಳೂ ಇದ್ದಲ್ಲೇ ಇದ್ದವು. ಭಾನುವಾರ ದೇವದುರ್ಗದ ಬಸ್ಸು ಹತ್ತಿದೆವು. ಅತ್ತೆ ಕನ್ನಡಕ ಏರಿಸಿಕೊಂಡು ಚಿತ್ರದ ಮೇಲೆ ಬಾಗಿದರು. ಮಗಳು ತೋರಿಸಿದ ಮಾಳಿಗೆಯನ್ನು ದಿಟ್ಟಿಸಿ, ಸೆರಗಿನ ತುದಿಯಿಂದ ಅಲ್ಲೇ ತಿಕ್ಕತೊಡಗಿದರು. "ಧೂಳು ಕುಂತದಲ್ಲಪ್ಪಾ ಇಲ್ಲಿ."

"ಅತ್ತೀ, ಒರಸಬ್ಯಾಡ್ರೀ! ಅದು ನಿಮ್ಮ ಮಗಳು" ಎಂದು ನಾನು ಹೆಚ್ಚುಕಡಿಮೆ ಕೂಗಿದೆ.

ಮುದುಕಿಯ ಕೈ ನಿಂತಿತು. ಚುಕ್ಕೆಯ ಪಕ್ಕದಲ್ಲಿ ಹೆಬ್ಬೆರಳು ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಎದುರಿಗೆ ಕೂತ ಮಗಳನ್ನು ಬಿಟ್ಟು ಚಿತ್ರದೊಳಗಿನ ಮಗಳನ್ನೇ ಬೈದರು: "ಬಿಸಲಾಗ ಯಾಕ ನಿಂತೀಯೇ ಹುಚ್ಚಿ, ಒಳಗ ಹೋಗು."

ಅದರದೇ ಇನ್ನೊಂದು ಪ್ರತಿಯನ್ನು ಸ್ಟುಡಿಯೋದ ಗಾಜಿನ ಹಿಂದೆ ತೂಗುಹಾಕಿದೆ. ಆಮೇಲೊಮ್ಮೆ ಊರಲ್ಲಿ ಹೊಸದಾಗಿ ಸ್ಟುಡಿಯೋ ತೆರೆದವನೊಬ್ಬ ಅದನ್ನು ನೋಡಿ, "ಮಾಸ್ತರ್, ಒಂದು ಚುಕ್ಕಿ ಹಂಗ ಬಿಟ್ಟೀರಲ್ರೀ" ಎಂದು ಮುಸಿಮುಸಿ ನಕ್ಕ.

ನಾನು ಎದೆಯುಬ್ಬಿಸಿದೆ. "ಅದನ್ನ ಹಂಗ ಬಿಡಾಕ ಇಪ್ಪತ್ತು ವರ್ಷ ಕೈ ಪಳಗಬೇಕಪ್ಪಾ."

ಊಟದ ಡಬ್ಬಿ ತಂದು ಬಾಗಿಲಲ್ಲಿ ನಿಂತಿದ್ದ ಮಹಾದೇವಿ ಹೇಳಿದಳು: "ಇಪ್ಪತ್ತು ವರ್ಷ ಏನಲ್ರೀ, ನಂದೊಂದ ಬೈಗುಳ ಸಾಕಾತು."