ನಲ್ಲಿಯ ನೇರ ಪ್ರಸಾರ

'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆ ಪ್ಲಂಬರನ ಮನೆಯಲ್ಲಿ ದಿನಕ್ಕೆ ಮೂರು ಸಲವಾದರೂ ಕೇಳಿಬರುತ್ತಿತ್ತು. ಹೇಳುವವಳು ಅವನ ಹೆಂಡತಿ, ಹೇಳಿಸುವುದು ಬಚ್ಚಲುಮನೆಯ ನಲ್ಲಿ. ಆರು ತಿಂಗಳಿಂದ ಅದು ತೊಟ್ಟಿಕ್ಕುತ್ತಿತ್ತು. ಊರಿನ ಅರ್ಧ ನಲ್ಲಿಗಳ ನಾಡಿ ಬಲ್ಲ ಮಹಾಶಯ ಸ್ವಂತ ನಲ್ಲಿಯ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. (ಸ್ನಾನಕ್ಕೆ ಹೋಗುತ್ತಿದ್ದ, ನಿಜ. ಆದರೆ ಸ್ನಾನಕ್ಕೆ ಯಾರಾದರೂ ಸ್ಪ್ಯಾನರ್ ಹಿಡಿದು ಹೋಗುತ್ತಾರೆಯೇ ಎಂಬುದು ಅವನ ವಾದ.)

ಅವನ ಮನಸ್ಸೆಲ್ಲ ಭಾನುವಾರ ಸಂಜೆ ಏಳಕ್ಕೆ ಟೀವಿಯಲ್ಲಿ ಬರುವ 'ಏನು ಕಾರಣ?' ಕಾರ್ಯಕ್ರಮದ ಮೇಲೆ. ಹಾಲು ಯಾಕೆ ಉಕ್ಕುತ್ತದೆ, ಈರುಳ್ಳಿ ಹೆಚ್ಚಿದರೆ ಕಣ್ಣೀರು ಯಾಕೆ ಎಂದೆಲ್ಲ ಗಡ್ಡದ ವಿಜ್ಞಾನಿಯೊಬ್ಬರು ಅದರಲ್ಲಿ ಬಿಡಿಸಿ ಹೇಳುತ್ತಿದ್ದರು. ಉಳಿದ ಆರು ದಿನ ಅದನ್ನೇ ಇವನು ಗಿರಾಕಿಗಳಿಗೆ ಬಿಡಿಸಿ ಹೇಳುತ್ತಿದ್ದ. ಬೀದಿಯವರು ಅವನಿಗೆ 'ಪ್ರೊಫೆಸರ್' ಎಂದು ಹೆಸರಿಟ್ಟರು. ಅದು ಲೇವಡಿ ಎಂದು ಹೆಂಡತಿಗೆ ಗೊತ್ತಿತ್ತು. ಅವನು ಬಿರುದೆಂದೇ ತಿಳಿದಿದ್ದ.

ಹೀಗಿರುವಾಗ ಅವನು ಬರೆದು ಕಳಿಸಿದ ಪ್ರಶ್ನೆಯೊಂದು ಆಯ್ಕೆಯಾಗಿಬಿಟ್ಟಿತು: 'ನಲ್ಲಿಯ ಹನಿ ಬಕೆಟ್ಟಿಗೆ ಬಿದ್ದಾಗ ಟಿಪ್ ಎಂದು ಸದ್ದಾಗುವುದೇಕೆ?' ಭಾನುವಾರ ನಾವೇ ಫೋನು ಮಾಡುತ್ತೇವೆ, ಆ ಸದ್ದನ್ನು ನೇರ ಪ್ರಸಾರದಲ್ಲಿ ಕೇಳಿಸಿ ಎಂದರು ಟೀವಿಯವರು. ಪ್ಲಂಬರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅದೇ ವಾರ ಹೆಂಡತಿಯ ತಾಳ್ಮೆ ಮುಗಿಯಿತು. ತಾನೇ ಸ್ಪ್ಯಾನರ್ ಹಿಡಿದು ಬಚ್ಚಲಿಗೆ ಹೊರಟಳು. ಅವನು ಬಾಗಿಲಿಗೆ ಅಡ್ಡ ನಿಂತ.

"ಲೇ, ಮುಟ್ಟಬೇಡ್ವೇ! ಅದು ಈಗ ನಲ್ಲಿಯಲ್ಲ, ಪ್ರಯೋಗ!"

"ಆರು ತಿಂಗಳಿಂದ ಪ್ರಯೋಗಾನಾ?"

"ಭಾನುವಾರದ ತನಕ ತಡ್ಕೊಳ್ಳೇ. ಈ ಟಿಪ್ಪನ್ನ ಇಡೀ ನಾಡು ಕೇಳುತ್ತೆ."

"ಕೇಳ್ಲಿ ಬಿಡಿ. ನಾನೊಬ್ಳೇ ಯಾಕೆ ಅನುಭವಿಸ್ಬೇಕು?" ಎಂದು ಅವಳು ಸ್ಪ್ಯಾನರ್ ಇಟ್ಟಳು.

ಭಾನುವಾರ ಆರೂವರೆಗೆ ಟೀವಿ ಇದ್ದ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನೇ ಮನೆಮನೆಗೆ ಹೋಗಿ ಕರೆದಿದ್ದ. ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರು ಮುಂದಿನ ಕುರ್ಚಿ ಹಿಡಿದಿದ್ದರು. ಪ್ಲಂಬರ್ ಇಸ್ತ್ರಿ ಅಂಗಿ ಹಾಕಿಕೊಂಡು, ಫೋನು ಹಿಡಿದು, ಬಚ್ಚಲಿನಲ್ಲಿ ಬಕೆಟ್ಟಿನ ಪಕ್ಕ ಮಣೆಯ ಮೇಲೆ ಕುಳಿತ. ಹೆಂಡತಿ ಬಾಗಿಲಲ್ಲಿ ನಿಂತಳು.

ಫೋನು ಬಂತು. ಅವನು ಸ್ಪೀಕರ್ ಹಾಕಿ ಬಕೆಟ್ಟಿನತ್ತ ಹಿಡಿದ. ನಲ್ಲಿ ಮರ್ಯಾದೆ ಉಳಿಸಿತು. ಟಿಪ್, ಟಿಪ್, ಟಿಪ್.

"ಅದ್ಭುತ!" ಎಂದರು ವಿಜ್ಞಾನಿ. "ಹನಿ ಬಿದ್ದಾಗ ನೀರಲ್ಲಿ ಒಂದು ಪುಟ್ಟ ಗುಳಿ ಆಗುತ್ತೆ. ಅದರ ತಳದಲ್ಲಿ ಸಣ್ಣ ಗಾಳಿಗುಳ್ಳೆ ಸಿಕ್ಕಿಹಾಕ್ಕೊಂಡು ಕಂಪಿಸುತ್ತೆ. ಆ ಸದ್ದೇ ಇದು. ಒಳ್ಳೇ ಪ್ರಶ್ನೆ ಸಾರ್!"

ಪ್ಲಂಬರನ ಕಣ್ಣು ತೇವವಾಯಿತು. ಜನ್ಮ ಸಾರ್ಥಕವಾಯಿತು ಎನ್ನಿಸಿತು. ಅಷ್ಟಕ್ಕೇ ಫೋನು ಇಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಅಂದ ಹಾಗೆ, ನಿಮ್ಮ ನಲ್ಲೀದು ವಾಷರ್ ಸವೆದಿದೆ," ಎಂದರು ವಿಜ್ಞಾನಿ. "ಸುಮ್ನೆ ನೀರು ಪೋಲು. ಐದು ನಿಮಿಷದ ಕೆಲಸ, ಯಾರಾದ್ರೂ ಪ್ಲಂಬರನ್ನ ಕರೀಬಾರ್ದಾ?"

ಹೆಂಡತಿ ಫೋನಿನತ್ತ ಬಗ್ಗಿದಳು.

"ಆರು ತಿಂಗಳಿಂದ ಕರೀತಾನೇ ಇದೀನಿ ಸಾರ್. ಈಗ ನಿಮ್ಜೊತೆ ಮಾತಾಡ್ತಿದ್ರಲ್ಲ, ಅವರೇ ಪ್ಲಂಬರ್ರು!"

ಫೋನಿನ ಮಾತು ಉಪಗ್ರಹ ಹತ್ತಿ ಟೀವಿಗೆ ಇಳಿಯಲು ಐದಾರು ಸೆಕೆಂಡು ಬೇಕೆಂದು ಅವನಿಗೆ ಗೊತ್ತಿತ್ತು. ಅದೂ ಅದೇ ಕಾರ್ಯಕ್ರಮದಲ್ಲಿ ಕಲಿತದ್ದು. ಒದ್ದೆ ಕಾಲಲ್ಲೇ ನಡುಮನೆಗೆ ಓಡಿದ. ರಿಮೋಟ್ ಕಾಣಲಿಲ್ಲ. ಎರಡೂ ಕೈ ಚಾಚಿ ಟೀವಿಗೆ ಬೆನ್ನು ಕೊಟ್ಟು ನಿಂತ. ಚಿತ್ರವೇನೋ ಪೂರ್ತಿ ಮರೆಯಾಯಿತು. ಹೆಂಡತಿಯ ಮಾತು ಮಾತ್ರ ಅವನ ಬೆನ್ನ ಹಿಂದಿನಿಂದ ಸ್ಪಷ್ಟವಾಗಿ ಬಂತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಹೆಡ್‌ಮಾಸ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ವಾಷರನ್ನು ಅವನು ಆಗಲೇ ಬದಲಾಯಿಸಿದ, ಹನ್ನೊಂದು ಜನರ ಮೇಲ್ವಿಚಾರಣೆಯಲ್ಲಿ.

ಮರುದಿನದಿಂದ ಅವನಿಗೆ ಬರುತ್ತಿದ್ದ ಫೋನೆಲ್ಲ ಒಂದೇ ರಾಗ. "ಪ್ರೊಫೆಸರ್ರೇ, ಸ್ವಲ್ಪ ಮನೆಯವ್ರಿಗೆ ಕೊಡಿ. ನಿಮ್ಗೆ ಹೇಳಿದ್ರೆ ಪಾಠ ಆಗುತ್ತೆ, ಅವ್ರಿಗೆ ಹೇಳಿದ್ರೆ ಕೆಲಸ ಆಗುತ್ತೆ." ಯಾರ ಮನೆಗೆ ಯಾವಾಗ ಹೋಗಬೇಕೆಂದು ಈಗ ಅವಳೇ ತೀರ್ಮಾನಿಸುತ್ತಾಳೆ.

ಅವಳು ಬರೆದಿಟ್ಟ ಮುಂದಿನ ವಾರದ ಕೆಲಸದ ಚೀಟಿ ನೋಡಿ ಅವನು ಹೌಹಾರಿದ. "ಭಾನುವಾರ ಸಂಜೆ ಏಳಕ್ಕೆ ಹೆಡ್‌ಮಾಸ್ಟರ ಮನೇಗಾ? ಅದೇ ಹೊತ್ತಿಗೆ ಯಾಕೇ?"

"ಅವರೆಲ್ಲ ಮನೇಲಿರೋದು ಆಗ್ಲೇ ಅಂತೆ ಕಣ್ರೀ," ಎಂದಳು ಹೆಂಡತಿ. "ಏನೋ ಕಾರ್ಯಕ್ರಮ ನೋಡ್ಬೇಕಂತೆ."