ರೈಟ್ ಹೇಳಿದರೂ ತಿರುಗದ ಸ್ಟೇರಿಂಗ್

ನಮ್ಮ ಸೋದರಮಾವ ಕಾರು ಓಡಿಸುವುದಿಲ್ಲ, ಕಾರಿನಲ್ಲಿ ಡ್ಯೂಟಿ ಮಾಡುತ್ತಾರೆ! ನಿವೃತ್ತಿಯವರೆಗೂ ಬಸ್ ಕಂಡಕ್ಟರ್ ಆಗಿದ್ದವರು ಡ್ರೈವಿಂಗ್ ಕಲಿತದ್ದು ಆಮೇಲೆ. ಹೀಗಾಗಿ ಇಂದಿಗೂ ಅವರು ಗೇರ್ ಹಾಕುವ ಮೊದಲು ಹಿಂದೆ ತಿರುಗಿ ನೋಡಿ, ಬಾಗಿಲನ್ನು ಎರಡು ಸಲ ಬಡಿದು, ತಮಗೆ ತಾವೇ "ರೈಟ್, ಹೋಗ್ಲಿ" ಅನ್ನುತ್ತಾರೆ. ಹಿಂದಿನ ಸೀಟಿನಲ್ಲಿ ನಾನೊಬ್ಬನೇ ಇದ್ದರೂ "ಒಳಗ ಸರೀರಿ" ತಪ್ಪಿದ್ದಲ್ಲ.

ಈ ಕಾರಿನ ಸ್ಟೇರಿಂಗ್ ವೈರುಗಳನ್ನು ನಮ್ಮೂರು ಮೂಡಲಗಿಯ ಇಲಿಗಳು ತಿಂದವು. ಗೋಕಾಕದ ಗ್ಯಾರೇಜೊಂದರಲ್ಲಿ ವೈರಿನ ಜೊತೆ ಪವರ್ ಸ್ಟೇರಿಂಗನ್ನು ನಡೆಸುವ ಮಾಡ್ಯೂಲ್ ಎಂಬ ಎಲೆಕ್ಟ್ರಾನಿಕ್ ಡಬ್ಬಿಯನ್ನೂ ಹೊಸದು ಹಾಕಿಕೊಟ್ಟರು. ಅಂದಿನಿಂದ ಸ್ಟೇರಿಂಗ್ ಬೀಸುಕಲ್ಲಾಯಿತು. ಮುಂದಿನ ಮೀಟರುಗಳ ನಡುವೆ ಹಳದಿ ದೀಪವೊಂದು ಆರದೆ ಉರಿಯತೊಡಗಿತು.

ಮಾವ ಸುಮ್ಮನೆ ಕೂತಾರೆಯೇ? ಟೈರಿಗೆ ಗಾಳಿ ಹಾಕಿಸಿದರು, ಗ್ರೀಸ್ ಹಚ್ಚಿಸಿದರು. ಕೊನೆಗೆ ನನ್ನನ್ನು ಬಲಗಡೆಯಿಂದ ಎಡಗಡೆಗೆ ಕೂರಿಸಿದರು. "ನಿನ್ನ ಭಾರಕ್ಕ ಹಂಗ ಆಗಿರಬೇಕು." ಕಲ್ಲೋಳಿಗೆ ಹೊರಟವರು ತಿರುವಿನಲ್ಲಿ ಸ್ಟೇರಿಂಗ್ ತಿರುಗದೆ ನೇರ ನಡೆದೇಬಿಟ್ಟೆವು. ಎಲ್ಲಿಗೆ ಅಂದೆ. "ನಾಗನೂರಾಗ ಜಾಗ ಅಗಲ ಐತಿ, ಅಲ್ಲೇ ಹೊಳ್ಳಸೋಣು," ಅಂದರು. ದಾರಿ ತಪ್ಪಿದ್ದನ್ನು ಇಷ್ಟು ಗಂಭೀರವಾಗಿ ಹೇಳುವವರನ್ನು ನಾನಂತೂ ಬೇರೆ ಕಂಡಿಲ್ಲ.

ಮುಂದೆ ನಾನು ಕೆಲಸದ ಮೇಲೆ ಹುಕ್ಕೇರಿಯಲ್ಲಿದ್ದಾಗ ಮಾವ, ಅತ್ತೆ ಇಬ್ಬರೂ ಅಲ್ಲಿನ ಗ್ಯಾರೇಜಿಗೆ ಬಂದರು. ಅದರ ಮಾಲೀಕರು ಎಂಜಿನಿಯರಿಂಗ್ ಓದಿದವರು. ಫ್ಯೂಸು, ಬ್ಯಾಟರಿ ನೋಡಿ, ಸ್ಕ್ಯಾನರ್ ಜೋಡಿಸಿದರು.

"ಮಾಡ್ಯೂಲ್ ಚಲೋ ಐತ್ರಿ. ಆದ್ರ ಕಾನ್ಫಿಗರೇಷನ್ ಮಾಡಿಲ್ಲ. ತಾನು ಯಾವ ಗಾಡ್ಯಾಗ ಅದೀನಿ ಅನ್ನೂದ ಅದಕ್ಕ ಗೊತ್ತಿಲ್ಲ. ಅದಕ್ಕ ಸುಮ್ನ ಕುಂತೈತಿ."

ಮಾವ ಯೋಚಿಸಿದರು. "ಅಂದ್ರ, ಡ್ಯೂಟಿಗೆ ಹಾಕ್ಯಾರ, ರೂಟ್ ಹೇಳಿಲ್ಲ."

"ಹಂಗ ತಿಳ್ಕೋರಿ."

"ಪಾಪ, ಅದರದೇನ್ ತಪ್ಪೈತ್ರಿ?" ಅಂದು ಮಾವ ಸ್ಟೇರಿಂಗಿನ ಬೆನ್ನು ತಟ್ಟಿದರು.

ಮಾಲೀಕರು ಈ ಕಾರಿನ ವಿವರಗಳನ್ನು ಮಾಡ್ಯೂಲಿಗೆ ತುಂಬಿ, ಚಕ್ರ ನೇರ ನಿಲ್ಲಿಸಿ ಸೆನ್ಸರ್ ಹೊಂದಿಸಿದರು. ಹಳದಿ ದೀಪ ಆರಿತು. ಸ್ಟೇರಿಂಗ್ ಒಂದೇ ಬೆರಳಿಗೆ ತಿರುಗಿತು. ಮಾವನ ಮುಖ ಮಾತ್ರ ಅರಳಲಿಲ್ಲ.

ಮರಳುವಾಗ ನಾನೂ ಹಿಂದೆ ಕೂತೆ. ಊರು ದಾಟಿ, ಓಡಾಟವಿಲ್ಲದ ಕಡೆ ತಿರುವೊಂದು ಬಂತು. ಮಾವ ಕಾರು ನಿಧಾನ ಮಾಡಿ ಪಕ್ಕದಲ್ಲಿದ್ದ ಅತ್ತೆಗೆ, "ಸ್ವಲ್ಪ ಕೈ ಹಚ್ಚು," ಅಂದರು.

ಅತ್ತೆಯ ಬಲಗೈಗೆ ಹೋದ ವರ್ಷ ಲಕ್ವಾ ಹೊಡೆದಿತ್ತು. ವ್ಯಾಯಾಮ ಮಾಡಿರೆಂದು ಡಾಕ್ಟರು ಎಷ್ಟು ಹೇಳಿದರೂ ಕೈ ಮಡಿಲು ಬಿಟ್ಟು ಏಳುತ್ತಿರಲಿಲ್ಲ. ಹಿಸುಕಲು ಕೊಟ್ಟ ಚೆಂಡನ್ನು ಅತ್ತೆಯೇ ಮೂಲೆಗೆ ಎಸೆದಿದ್ದರು. ಈಗ ಅದೇ ಕೈ ಮೆಲ್ಲಗೆ ಎದ್ದು ಸ್ಟೇರಿಂಗ್ ಹಿಡಿಯಿತು. ಇದು ಇವತ್ತಿನದಲ್ಲ, ರೂಢಿಯಾಗಿದೆ ಎಂದು ನೋಡಿದರೇ ತಿಳಿಯುತ್ತಿತ್ತು.

"ಇನ್ನಾ ಬಿಗಿ ಐತೇನ್ರಿ?" ಅಂದರು ಅತ್ತೆ.

ನಾನು ಬಾಯಿ ತೆರೆದೆ. ಕನ್ನಡಿಯಲ್ಲಿ ಮಾವ ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದೆ.

"ಭಾಳ ಬಿಗಿ ಐತಿ," ಅಂದರು ಮಾವ. "ನನ್ನೊಬ್ಬನ ಕೈಲಿ ಆಗೂದಿಲ್ಲ."

ಅವರ ಕೈಗಳು ಸ್ಟೇರಿಂಗಿನ ಮೇಲೆ ಸುಮ್ಮನೆ ಇದ್ದವು. ಅತ್ತೆ ಹಲ್ಲು ಕಚ್ಚಿ ಎಳೆದರು. ಕಾರು ಮೆಲ್ಲಗೆ ತಿರುಗಿತು.